ಎಳೆಯರಿಗೆ ಆಸನಗಳ ಆಟ

2014ನೆಯ ಇಸವಿಯ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಸಾರಿದ ಮೇಲೆ, ಆ ದಿನ ನಮ್ಮ ಶಾಲೆಗಳ ಬಯಲುಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಆಸನಗಳನ್ನು ಹಾಕಿಸುವುದು ರೂಢಿಗೆ ಬಂದಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದರಲ್ಲಿ ಸೇರುವುದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ಶಿಶುವಿಹಾರದ ನಾಲ್ಕೈದು ವರ್ಷದ ಕೂಸುಗಳನ್ನೂ ಅದೇ ಸಾಲಿಗೆ, ಅದೇ ಎಣಿಕೆಗೆ ಒಳಪಡಿಸುವುದು ಸರಿಯೇ? ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಎಳೆಯರಿಗೆ ಆಸನವು ಆಟವಾಗಿರಬೇಕು. ಆ ಆಟಕ್ಕೆ ಗಿಡಮರಗಳೂ ಪ್ರಾಣಿಪಕ್ಷಿಗಳೂ ಗುರುಗಳಾಗಬೇಕು.

ಇದರಿಂದ ಯೋಗದ ಗಾಂಭೀರ್ಯಕ್ಕೆ ಕುಂದುಂಟಾಗುವುದೆಂದು ಹುಬ್ಬು ಗಂಟಿಕ್ಕುವವರುಂಟು. ಅಂಥವರು ಹಳೆಯ ಗ್ರಂಥಗಳನ್ನೇ ಒಮ್ಮೆ ತೆರೆದು ನೋಡಬಹುದು. ಪತಂಜಲಿಯ ಸೂತ್ರಗಳಲ್ಲಿ ಯಾವ ಒಂದು ಆಸನದ ಹೆಸರೂ ಇಲ್ಲ. ಸ್ಥಿರತೆ ಮತ್ತು ಸುಖ ಇವೆರಡನ್ನೇ ಅಲ್ಲಿ ಕೇಳಲಾಗಿದೆ. ಘೇರಂಡಸಂಹಿತೆಯಾದರೋ ಲೋಕದಲ್ಲಿ ಜೀವಜಾತಿಗಳೆಷ್ಟೋ ಆಸನಗಳೂ ಅಷ್ಟೇ ಎಂದು ಹೇಳಿ, ಅವುಗಳಲ್ಲಿ 32ನ್ನು ಮಾತ್ರ ಮನುಷ್ಯರಿಗೆಂದು ಆರಿಸಿಕೊಡುತ್ತದೆ. ಆ ಮೂವತ್ತೆರಡರಲ್ಲಿ ಸುಮಾರು ಅರ್ಧದಷ್ಟಕ್ಕೆ ಸಿಂಹ, ಮತ್ಸ್ಯ, ಕೂರ್ಮ, ಮಂಡೂಕ, ಕುಕ್ಕುಟ, ಶಲಭ, ಭುಜಂಗ, ವೃಕ್ಷ ಮೊದಲಾದ ಹೆಸರುಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿದ್ದು, ಅಲ್ಲಿಯೂ ಮೃಗಪಕ್ಷಿಗಳ ಹೆಸರುಗಳಿಗೆ ಬರವಿಲ್ಲ. ಆದುದರಿಂದ ಮಗುವು ಕಪ್ಪೆಯಂತೆ ಕುಳಿತು ನಕ್ಕರೆ ಸಂಪ್ರದಾಯಕ್ಕೆ ಅಪಚಾರವಾಯಿತೆಂದು ಯಾರೂ ಅಂಜಬೇಕಾದುದಿಲ್ಲ.

ಆದರೆ ನಮ್ಮ ತರಗತಿಗಳಲ್ಲಿ ನಡೆಯುತ್ತಿರುವುದೇನು? ‘ಭುಜಂಗಾಸನ’ ಎಂಬ ಹೆಸರು ಉಳಿದಿದೆ, ಭುಜಂಗವು ಮರೆತುಹೋಗಿದೆ. ನಾಗರಹಾವಿಗೆ ಕೈಗಳಿಲ್ಲ, 200ಕ್ಕೂ ಹೆಚ್ಚು ಮಣಿಗಳುಳ್ಳ ಬೆನ್ನೆಲುಬನ್ನು ಅದು ಸ್ನಾಯುಗಳ ಬಲದಿಂದಲೇ ಎತ್ತಿ ನಿಲ್ಲಿಸುತ್ತದೆ, ಕತ್ತಿನ ಪಕ್ಕೆಲುಬುಗಳನ್ನು ಅಗಲಿಸಿ ಹೆಡೆ ಬಿಚ್ಚುತ್ತದೆ. ಮಗುವಿನ ಬೆನ್ನೆಲುಬಿನ ಮಣಿಗಳು 33 ಮಾತ್ರ. ಇದನ್ನು ತಿಳಿಸಿ, “ಎಲ್ಲಿ, ಕೈಯೂರದೆ ಎಷ್ಟು ಎತ್ತರಕ್ಕೆ ಏಳಬಲ್ಲೆ ನೋಡೋಣ” ಎಂದರೆ ಮಗುವು ಒಂದೆರಡು ಅಂಗುಲ ಎದ್ದೀತು. ಆ ಒಂದೆರಡು ಅಂಗುಲದಲ್ಲಿ ಬೆನ್ನಿನ ಸ್ನಾಯುಗಳಿಗೆ ಕೆಲಸ ದೊರೆಯಿತು, ಹಾವಿನ ವಿಷಯದಲ್ಲಿ ಬೆರಗೂ ಹುಟ್ಟಿತು. ಕೈಯೂರಿ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವುದರಿಂದ ಈ ಎರಡೂ ಲಭಿಸವು.

ಬಕಪಕ್ಷಿಯ ವಿಷಯವೂ ಹೀಗೆಯೇ. ಕೆರೆಯಂಚಿನಲ್ಲಿ ನಿಂತ ಬೆಳ್ಳಕ್ಕಿಯ ಮೊಣಕಾಲು ಹಿಂದಕ್ಕೆ ಮಡಿಸುತ್ತದೆಂದು ದೊಡ್ಡವರೂ ತಿಳಿದಿರುವರು. ನಿಜವಾಗಿ ಅದು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ಮೊಣಕಾಲು ಗರಿಗಳೊಳಗೆ ಮೇಲೆ ಅಡಗಿದೆ. ಬೆಳ್ಳಕ್ಕಿಯು ಎಂದೆಂದಿಗೂ ತುದಿಗಾಲಿನ ಮೇಲೆಯೇ ನಡೆಯುತ್ತದೆಂದು ತಿಳಿದ ಮಗುವು ಮರುಕ್ಷಣವೇ ಹಿಮ್ಮಡಿಯೆತ್ತಿ ಅಂಗಳವನ್ನೆಲ್ಲ ಸುತ್ತದಿದ್ದರೆ ಕೇಳಿ! ಮೊದಲು ಪ್ರಾಣಿಯನ್ನು ತೋರಿಸುವುದು, ಆಮೇಲೆ ಅನುಕರಿಸುವುದು: ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

ವೃಕ್ಷಾಸನದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಒಂಟಿಕಾಲಿನಲ್ಲಿ ನಿಲ್ಲುವಾಗ ಮೆದುಳಿಗೆ ಮೂರು ಕಡೆಗಳಿಂದ ವರದಿ ಬರುತ್ತಿರುತ್ತದೆ: ಕಣ್ಣುಗಳಿಂದ, ಒಳಕಿವಿಯ ಸಮತೋಲ ಅಂಗದಿಂದ, ಸ್ನಾಯು ಮತ್ತು ಕೀಲುಗಳಲ್ಲಿರುವ ಸಂವೇದಕಗಳಿಂದ. ವಾಚಕರು ಈಗಲೇ ಒಂಟಿಕಾಲಿನಲ್ಲಿ ನಿಂತು, ಬಳಿಕ ಕಣ್ಣು ಮುಚ್ಚಿ ನೋಡಲಿ. ಒಂದು ವರದಿ ನಿಂತರೆ ಎಷ್ಟು ಕಷ್ಟವೆಂಬುದು ತಾನಾಗಿ ತಿಳಿಯುವುದು. ಈ ಮೂರನ್ನೂ ಹೊಂದಿಸಿಕೊಳ್ಳುವ ಸಾಮರ್ಥ್ಯವು ಬಾಲ್ಯದುದ್ದಕ್ಕೂ ಮೆಲ್ಲಮೆಲ್ಲನೆ ಬಲಿಯುತ್ತದೆ. ಎಳೆಯ ಮಗು ಕಣ್ಣನ್ನೇ ಹೆಚ್ಚಾಗಿ ನೆಚ್ಚಿರುತ್ತದೆ. ಅಂದಮೇಲೆ ನಾಲ್ಕು ವರ್ಷದ ಮಗುವು ತೂರಾಡುವುದು ತಪ್ಪಲ್ಲ. ಆ ತೂರಾಟವೇ ಮೆದುಳು ತನ್ನನ್ನು ತಿದ್ದಿಕೊಳ್ಳುತ್ತಿರುವ ರೀತಿ. “ಅಲುಗಾಡಬೇಡ” ಎಂದು ಗದರಿಸುವ ಉಪಾಧ್ಯಾಯರಿಗಿಂತ, “ಗಾಳಿ ಬೀಸಿತು, ತೆಂಗಿನಮರ ತೂಗಿತು” ಎನ್ನುವ ಉಪಾಧ್ಯಾಯರೇ ಶರೀರಶಾಸ್ತ್ರಕ್ಕೆ ಹೆಚ್ಚು ಹತ್ತಿರದಲ್ಲಿದ್ದಾರೆ.

ಇನ್ನು ಕೂಡದ ಸಂಗತಿಗಳು. ಹುಟ್ಟಿದ ಮಗುವಿನ ತಲೆಯು ಅದರ ಉದ್ದದ ಸುಮಾರು ಕಾಲುಭಾಗ. ಬೆಳೆದವರಲ್ಲಿ ಸುಮಾರು ಎಂಟನೆಯ ಒಂದು ಭಾಗ. ಎಳವೆಯಲ್ಲಿ ದೊಡ್ಡ ತಲೆಯನ್ನು ಹೊರುವ ಕತ್ತು ಇನ್ನೂ ಬಲಿತಿರುವುದಿಲ್ಲ. ಆದಕಾರಣ ಶೀರ್ಷಾಸನವನ್ನು ಕೂಸುಗಳ ಹತ್ತಿರಕ್ಕೂ ತರಬಾರದು. ಐದು ವರ್ಷದ ಮಗುವು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ. ನಾವು 12ರಿಂದ 18 ಬಾರಿ. ಆದ್ದರಿಂದ ದೊಡ್ಡವರ ಎಣಿಕೆಗೆ ಅದರ ಉಸಿರನ್ನು ಕಟ್ಟಿಹಾಕುವುದು ಸಲ್ಲದು. ದುಂಬಿಯಂತೆ ಗುಂಯ್‌ಗುಟ್ಟಿದರೆ ಉಸಿರು ತಾನೇ ನೀಳವಾಗುವುದು. (ದುಂಬಿಯ ಝೇಂಕಾರ ಬಾಯಿಂದ ಬರುವುದಲ್ಲ, ರೆಕ್ಕೆ ಮತ್ತು ಎದೆಯ ಸ್ನಾಯುಗಳ ಕಂಪನದಿಂದ ಬರುವುದು, ಇದನ್ನೂ ಹೇಳಬಹುದು.)

ಎಲ್ಲಕ್ಕಿಂತ ಕಳವಳಕಾರಿಯಾದುದು ಸ್ಪರ್ಧೆ. ಪದಕದ ಆಸೆಗೆ ಎಳೆಯ ಬೆನ್ನನ್ನು ದಿನವೂ ಹಿಂದಕ್ಕೆ ಬಗ್ಗಿಸುವುದನ್ನು ನಾವು ಕಂಡಿದ್ದೇವೆ. ಪ್ರೇಕ್ಷಕರ ಚಪ್ಪಾಳೆಯನ್ನೂ ಕೇಳಿದ್ದೇವೆ. ಮಕ್ಕಳ ಮೂಳೆಗಳ ತುದಿಗಳಲ್ಲಿ ಬೆಳೆಯುವ ಮೃದ್ವಸ್ಥಿ ಇನ್ನೂ ಇರುತ್ತದೆ. ಜಿಮ್ನಾಸ್ಟಿಕ್ಸಿನಲ್ಲಿ ಬೆನ್ನನ್ನು ಮತ್ತೆಮತ್ತೆ ಅತಿಯಾಗಿ ಬಾಗಿಸುವ ಕಿರಿಯರಲ್ಲಿ ಸೊಂಟದ ಮಣಿಗಳಿಗೆ ಬಿರುಕು ಬೀಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಆಸನವೆಂಬ ಹೆಸರಿಟ್ಟ ಮಾತ್ರಕ್ಕೆ ಮೂಳೆಯು ರಿಯಾಯಿತಿ ತೋರಿಸುವುದಿಲ್ಲ. ಕಪ್ಪೆಯ ಪ್ರಥಮ ಬಹುಮಾನ, ಆಮೆಯ ದ್ವಿತೀಯ ಬಹುಮಾನ ಎಂಬುದು ಪ್ರಕೃತಿಯಲ್ಲಂತೂ ಇಲ್ಲ.

ಯೋಗದಿಂದ ಮಕ್ಕಳ ಜ್ಞಾಪಕಶಕ್ತಿ ಇಮ್ಮಡಿಯಾಗುವುದು, ರೋಗಗಳೆಲ್ಲ ದೂರವಾಗುವುವು ಎಂಬ ಜಾಹೀರಾತುಗಳನ್ನು ವಿಜ್ಞಾನದ ವಿದ್ಯಾರ್ಥಿಗಳು ನಂಬಬೇಕಾದುದಿಲ್ಲ. ಮಕ್ಕಳ ಮೇಲೆ ನಡೆದಿರುವ ಪ್ರಯೋಗಗಳಲ್ಲಿ ಬಹುಪಾಲು ಸಣ್ಣ ಗುಂಪುಗಳವು; ಅವು ಅಷ್ಟು ದೊಡ್ಡ ಮಾತುಗಳನ್ನು ಹೊರಲಾರವು. ಆಸನದ ಆಟವು ಓಟಕ್ಕೆ ಬದಲಿಯೂ ಅಲ್ಲ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕಡಮೆಯೆಂದರೆ 180 ನಿಮಿಷ ಮೈಯಾಡಿಸಬೇಕೆಂದೂ, ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಷ್ಟು ಚುರುಕಾಗಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ಮರವಾಗಿ ನಿಂತರೆ ಆ ಅರುವತ್ತು ನಿಮಿಷ ತುಂಬದು. ಕಪ್ಪೆಯಾಗಿ ಕುಪ್ಪಳಿಸಿದರೆ ಒಂದಿಷ್ಟು ತುಂಬೀತು. ಯೋಗದ ತರಗತಿಗೆ ಸ್ಥಳ ಮಾಡಿಕೊಡಲೆಂದು ಆಟದ ಪಿರಿಯಡ್ಡನ್ನೇ ತೆಗೆದುಹಾಕಿರುವ ಶಾಲೆಗಳು ಉಳಿದ ನಿಮಿಷಗಳನ್ನು ಎಲ್ಲಿಂದ ತರುವುವೋ ನಮಗೆ ತಿಳಿಯದು.