ಅಜ್ಜಿ, ಸ್ವಲ್ಪ ಸರೀತೀರಾ?



ಹೋದ ರವಿವಾರ ಗೋಕಾಕ ಫಾಲ್ಸಿನ ಒಂದು ಫೋಟೋ ಹಾಕಿದ್ದೆ. ಕೆಳಗೆ ಒಂದಕ್ಷರ ಬರೆದಿರಲಿಲ್ಲ. ಅದಕ್ಕೆ ಬಂದ ಎರಡು ಮಾತು ತಲೆಯಿಂದ ಇಳೀತಿಲ್ಲ, ಹಂಗಾಗಿ ಇಷ್ಟುದ್ದ ಬರೀತಿದ್ದೀನಿ. ಪುರುಸೊತ್ತಿದ್ದವರು ಓದ್ರಿ.

ಮೊದಲನೇದು ನಮ್ಮ ಸಂಘಟನೆಯ ಹುಡುಗನದು. "ಅಣ್ಣಾ, ಕೇರಿಗೆ ಟ್ಯಾಂಕರ್ ಬಂದು ಹತ್ತು ದಿನ ಆತು, ನೀ ಫಾಲ್ಸ್ ನೋಡ್ಕೋಂತ ಕುಂತೀಯಲ್ಲೋ?" ಎರಡನೇದು ಪರಿಚಯದ ಒಬ್ಬ ಹಿರಿಯರದು. "ಇಂಥವು ಹಾಕ್ತಾ ಇರಿ ಸರ್. ಯಾವಾಗ ನೋಡಿದ್ರೂ ಜಾತಿ, ದೌರ್ಜನ್ಯ ಅಂತಿದ್ರಿ. ಇದು ಚೆನ್ನಾಗಿದೆ."

ಹುಡುಗ ಬೈದದ್ದು ನನಗೇನೂ ಅನ್ನಿಸಲಿಲ್ಲ. ಹಿರಿಯರು ಹೊಗಳಿದ್ದೇ ಚುಚ್ಚಿತು.

ನನ್ನ ಫೋನಿನ ಗ್ಯಾಲರಿ ನೋಡಿದವರಿಗೆ ಗೊತ್ತು. ಅದು ಗ್ಯಾಲರಿ ಅಲ್ಲ, ಕೋರ್ಟಿನ ಕಡತ. ಒಣಗಿದ ನಳ, ಹರಿದ ಬಾಬಾಸಾಹೇಬರ ಬ್ಯಾನರ್, ಕೇರಿಯ ದಾರಿಗೆ ಅಡ್ಡ ಹಾಕಿದ ಮುಳ್ಳುಬೇಲಿ, ಎಫ್‌ಐಆರ್ ಪ್ರತಿ, ದವಾಖಾನೆ ಮುಂದೆ ಕುಂತ ಜನ. ಫೋಟೋ ಹೆಂಗ ತೆಗೀಬೇಕು ಅಂತ ನಾನೇ ನಮ್ಮ ಹುಡುಗರಿಗೆ ಕಲಿಸಿದ್ದೀನಿ. ಮೊದಲು ದೂರದಿಂದ ಒಂದು, ಆಮೇಲೆ ಹತ್ತಿರದಿಂದ ಎರಡು. ಗುಡಿಯ ಗೋಪುರವೋ, ಪಂಚಾಯ್ತಿ ಬೋರ್ಡೋ, ಕರೆಂಟ್ ಕಂಬದ ನಂಬರೋ ಚಿತ್ರದೊಳಗೆ ಬರಲೇಬೇಕು. ಇಲ್ಲದಿದ್ರೆ ನಾಳೆ ವಕೀಲ ಎದ್ದು ನಿಂತು, ಇದು ಈ ಊರಿನದೇ ಅಲ್ಲ ಅಂತಾನೆ. ಏನನ್ನೂ ಬಿಡಬಾರದು, ಎಲ್ಲ ಸೇರಬೇಕು, ಇದು ನಮ್ಮ ಫೋಟೋಗ್ರಫಿ.

ಜಲಪಾತದ ಫೋಟೋ ಇದರ ಉಲ್ಟಾ. ಅಲ್ಲಿ ಏನನ್ನು ಬಿಡಬೇಕು ಅನ್ನೋದೇ ವಿದ್ಯೆ. ಕುರ್‌ಕುರೆ ಪಾಕೀಟು ಬಿಡು, ಕರೆಂಟ್ ವೈರು ಬಿಡು, ಮಂದಿನ್ನ ಬಿಡು. ಉಳಿದದ್ದು ಬಂಡೆ, ನೀರು, ಆಕಾಶ.

ಅವತ್ತು ಅವ್ವನ್ನ ಕರ್ಕೊಂಡು ಹೋಗಿದ್ದೆ. ಎಪ್ಪತ್ತರ ಆಸುಪಾಸು. ನಮ್ಮೂರಿಂದ ಫಾಲ್ಸಿಗೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ, ಆದ್ರೂ ಜೀವಮಾನದಲ್ಲಿ ನೋಡಿದ್ದಿಲ್ಲ. ಕಬ್ಬು ಕಡಿಯೋಕೆ ಟ್ರ್ಯಾಕ್ಟರಿನಾಗ ಹೋಗುವಾಗ ಅದೇ ರಸ್ತೆಯಲ್ಲಿ ಎಷ್ಟೋ ಸಲ ದಾಟಿದ್ದಾಳೆ. "ನೋಡಾಕ ಹೋಗೂದಂದ್ರ ಒಂದಿನದ ಕೂಲಿ ಬಿಡಬೇಕಿತ್ತಲ್ಲೋ" ಅಂದಳು. ಇದರಲ್ಲಿ ದುಃಖ ಏನೂ ಇರಲಿಲ್ಲ. ಲೆಕ್ಕ ಹೇಳಿದಳು ಅಷ್ಟೇ.

ನಮ್ಮ ಕಡೆ ಆಗ ಮಳೆ ಕೈಕೊಟ್ಟಿತ್ತು. ಜುಲೈ ಮುಗೀತಾ ಬಂದಿದ್ರೂ ದಾರಿಯುದ್ದಕ್ಕೂ ಬಿಸಿಲು, ಧೂಳು, ಸುರುಳಿ ಸುತ್ಕೊಂಡ ಗೋವಿನಜೋಳ. ಇಂಥಾ ಬರದ ನಡುವೆ ಹೊಳೆ ತುಂಬಿ ಬೀಳೋದು ಹೊರಗಿನವರಿಗೆ ಮಾಯೆ ಅನ್ನಿಸಬಹುದು. ಮಾಯೆ ಏನಿಲ್ಲ. ಘಟಪ್ರಭಾ ಹುಟ್ಟೋದು ಸಹ್ಯಾದ್ರಿಯಲ್ಲಿ, ಮಳೆ ಬೀಳೋದು ಅಲ್ಲಿ. ಆ ನೀರನ್ನು ಮೊದಲು ಹಿಡಕಲ್ ಡ್ಯಾಮ್ ಹಿಡೀತದೆ, 51 ಟಿಎಂಸಿಯ ಹೊಟ್ಟೆ ಅದರದು. ಅಲ್ಲಿಂದ ಕೆಳಗೆ ಬಂದರೆ ಬ್ರಿಟಿಷರ ಕಾಲದ ಧೂಪದಾಳ ಒಡ್ಡು, ಅಲ್ಲಿ ಕಾಲುವೆಗೆ ತಿರುಗಿಸ್ತಾರೆ. ಇಷ್ಟೆಲ್ಲ ಆಗಿ ಮಿಕ್ಕಿ ಹರಿದದ್ದು ಗೋಕಾಕದ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡ್ರಿ, ಕುದುರೆಲಾಳದ ಆಕಾರದ ಬರೀ ಕಲ್ಲಿನ ಗೋಡೆ ಇರ್ತದೆ.

ಕಾಲುವೆ ನೀರು ಹೊಲಕ್ಕೆ ಹೋಗ್ತದೆ. ಹೊಲ ಇದ್ದವರಿಗೆ ಹೋಗ್ತದೆ ಅಂತ ಅರ್ಥ. ಉತಾರದಾಗ ಹೆಸರಿಲ್ಲದ ನಮ್ಮವರಿಗೆ ಆ ನೀರು ಸಿಕ್ಕಿದ್ದು ಒಂದೇ ರೂಪದಲ್ಲಿ: ಬ್ಯಾರೆಯವರ ಕಬ್ಬಿನ ಗದ್ದೆಯ ಕೂಲಿ. ಈ ಇಡೀ ನದಿಯಲ್ಲಿ ಉತಾರ ಕೇಳದೆ ಕಣ್ಣಿಗೆ ಸಿಗೋ ನೀರು ಅಂದ್ರೆ ಧುಮುಕೋ ಈ ನೀರೊಂದೇ. ಅದನ್ನೂ ನೋಡೋಕೆ ಪುರುಸೊತ್ತು ಸಿಕ್ಕಿದ್ದು ನಮ್ಮ ಮನೆಯಲ್ಲಿ ನನ್ನ ತಲೆಮಾರಿಗೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಸದ್ದೇ ಅಷ್ಟಿತ್ತು. ಆಮೇಲೆ ನನ್ನ ಕಿವಿ ಹತ್ತಿರ ಬಾಯಿ ತಂದು, "ಯಾರೂ ಹೊಯ್ಯಾಕತ್ತಿಲ್ಲ ನೋಡು, ತಾನ ಬೀಳಾಕತ್ತೈತಿ" ಅಂದಳು.

ಅರ್ಥ ಆಗದವರಿಗೆ ಹೇಳ್ತೀನಿ. ಅವಳ ಕಾಲದಲ್ಲಿ ನಮ್ಮವರು ಬಾವಿಯ ಹಗ್ಗ ಮುಟ್ಟೋ ಹಂಗಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಯಾರಾದ್ರೂ ಮನಸ್ಸು ಮಾಡಿದ್ರೆ ತಮ್ಮ ಕೊಡ ತಾಗದ ಹಾಗೆ ಮೇಲಿಂದ ಹೊಯ್ಯುತ್ತಿದ್ರು. ಅರ್ಧ ಕೊಡದೊಳಗೆ, ಅರ್ಧ ನೆಲಕ್ಕೆ. ಎತ್ತರದಿಂದ ಬೀಳೋ ನೀರು ಅಂದ್ರೆ ಅವಳಿಗೆ ಅದೇ.

ಇನ್ನು ನಡೆದ ಸಂಗತಿಗೆ ಬರ್ತೀನಿ. ನಮ್ಮ ಹಿಂದೆ ಒಬ್ಬ ಹುಡುಗ ಟ್ರೈಪಾಡ್ ಹೂಡಿ, ದೊಡ್ಡ ಕ್ಯಾಮೆರಾ ಇಟ್ಕೊಂಡು ನಿಂತಿದ್ದ. ಲೆನ್ಸಿಗೆ ಕಪ್ಪು ಗಾಜು ಹಾಕಿ, ಶಟರ್ ಸೆಕೆಂಡುಗಟ್ಟಲೆ ತೆರೆದಿಟ್ಟು ತೆಗೀತಾರಲ್ಲ, ನೀರು ರೇಷ್ಮೆ ಹಂಗ ಬರ್ತದಲ್ಲ, ಆ ಥರ. ಬಹಳ ಮರ್ಯಾದೆಯಿಂದ ಕೇಳಿದ: "ಅಜ್ಜಿ, ಸ್ವಲ್ಪ ಸರೀತೀರಾ? ಫ್ರೇಮಲ್ಲಿ ಬರ್ತಿದೀರಿ."

ಅವ್ವ ಸರಿದಳು. ನನ್ನ ಬಾಯಿಂದ ಮಾತು ಬರೋದ್ರೊಳಗ ಸರಿದಾಗಿತ್ತು. ಸ್ವಲ್ಪ ಅಲ್ಲ, ಹತ್ತು ಹೆಜ್ಜೆ. ಸೆರಗು ಬಿಗಿಯಾಗಿ ಸುತ್ಕೊಂಡು, ಗೋಡೆಗೆ ಅಂಟ್ಕೊಂಡಂಗ ನಿಂತುಬಿಟ್ಟಳು. ಆ ಹುಡುಗನಿಗೆ ಅವಳ ಜಾತಿ ಗೊತ್ತಿರಲಿಲ್ಲ, ಕೇಳಿದ್ದೂ ಇಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. 'ಸರಿ' ಅಂದ ಕೂಡಲೇ ಆ ವಯಸ್ಸಿನ ಕಾಲು ಅಷ್ಟು ಚುರುಕಾಗಿ ಚಲಿಸಿತಲ್ಲ, ನನ್ನ ಸಂಕಟ ಅದು.

ಸರಿದ ಮೇಲೆ ಆ ಹುಡುಗ ಏನು ಮಾಡಿದ ಅಂತೀರಿ? ಕೆಂಪು ಜಾಕೆಟ್ಟಿನ ತನ್ನ ಗೆಳೆಯನನ್ನು ಅವ್ವ ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ. ಫಾಲ್ಸ್ ಎಷ್ಟು ದೊಡ್ಡದು ಅಂತ ತಿಳೀಬೇಕಾದ್ರೆ ಅಳತೆಗೆ ಒಬ್ಬ ಮನುಷ್ಯ ಬೇಕಂತೆ!

ನಾನು ಅವ್ವನ್ನ ಕೈ ಹಿಡಿದು ಮುಂದೆ ಕರ್ಕೊಂಡು ಬಂದೆ. ನನ್ನ ಹತ್ರ ಇರೋದು ಸಾದಾ ಫೋನು. ಸುಡು ಬಿಸಿಲು. ಬೆನ್ನ ಹಿಂದೆ ಹೊಳೆಯೋ ನೀರು, ಮುಂದೆ ಅವ್ವನ ಕಪ್ಪು ಮುಖ. ನೀರಿಗೆ ಬೆಳಕು ಹೊಂದಿಸಿದ್ರೆ ಅವ್ವ ಬರೀ ನೆರಳು, ಕಣ್ಣು ಮೂಗು ಏನೂ ಇಲ್ಲ. ಪರದೆ ಮೇಲೆ ಅವಳ ಮುಖ ಒತ್ತಿದ್ರೆ ಮುಖ ಬರ್ತದೆ, ಹಿಂದಿನ ನೀರು ಸುಟ್ಟು ಬೆಳ್ಳಗಾಗ್ತದೆ. ಎರಡೂ ಒಟ್ಟಿಗೆ ಬರಲ್ಲ ಅಂತು ನನ್ನ ಫೋನು. ಕ್ಯಾಮೆರಾ ಅನ್ನೋದು ಎಲ್ಲರನ್ನೂ ಸಮನಾಗಿ ನೋಡೋ ಯಂತ್ರ ಅಂತ ತಿಳಿದವರಿಗೆ ಒಂದು ಮಾತು: ಕೊಡಾಕ್ ಕಂಪನಿ ಬಣ್ಣ ಸರಿ ಬಂದಿದೆಯೋ ಇಲ್ಲವೋ ನೋಡೋಕೆ ದಶಕಗಟ್ಟಲೆ ಒಬ್ಬ ಬಿಳಿ ಹೆಣ್ಣುಮಗಳ ಚಿತ್ರದ ಕಾರ್ಡನ್ನೇ ಅಳತೆಗೋಲು ಮಾಡ್ಕೊಂಡಿತ್ತು. 'ಶರ್ಲಿ ಕಾರ್ಡ್' ಅಂತ ಅದರ ಹೆಸರು. ಇದು ಜಗತ್ತಿಗೇ ಗೊತ್ತಿರೋ ಸಂಗತಿ.

ಎರಡು ಥರಾನೂ ತೆಗೆದೆ. ಆಮೇಲೆ ಅವ್ವ ಚಹಾ ಕುಡೀತಾ ಕೂತಾಗ ಬರೀ ನೀರಿಂದು ಒಂದು ತೆಗೆದೆ.

ಈಗ ಹುಡುಗನಿಗೆ ಉತ್ತರ. ತಮ್ಮಾ, ಟ್ಯಾಂಕರ್ ವಿಷಯಕ್ಕೆ ಸೋಮವಾರ ಮನವಿ ಕೊಟ್ಟವರ ಸಾಲಿನಾಗ ನಾನೂ ಇದ್ದೆ, ನೀನೇ ಫೋಟೋ ತೆಗೆದೀಯ. ಆದ್ರೆ ನೀರಿನ ಹೋರಾಟ ಅಂದ್ರೆ ಕುಡಿಯೋ ನೀರಿಗೆ ಮುಗೀತೇನು? ಇದೇ ಜಿಲ್ಲೆಯ ನಿಪ್ಪಾಣಿಗೆ ಬಾಬಾಸಾಹೇಬರು 1925ರಲ್ಲಿ ಬಂದಿದ್ರು. ಎರಡು ವರ್ಷದ ಮೇಲೆ, 1927ರ ಮಾರ್ಚ್ 20ಕ್ಕೆ, ಮಹಾಡದ ಚವದಾರ ಕೆರೆಗೆ ಇಳಿದ್ರು. ಆ ಕೆರೆಯ ಕೇಸು ಬಾಂಬೆ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ. ಆಮೇಲೆ ಬಂದ ಸಂವಿಧಾನದ 15(2)ನೇ ವಿಧಿ ತೆಗೆದು ಓದು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಹೇಳಿ ಅಲ್ಲಿಗೆ ನಿಲ್ಲಿಸಿಲ್ಲ. ಸಾರ್ವಜನಿಕರು ಹೋಗಿ ಸೇರೋ ಜಾಗನೂ ಅಂದಿದೆ. ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಅವೂ ಇದಾವೆ. ಬಾವಿಯನ್ನೂ ಬೇಸರ ಕಳೆಯೋ ಜಾಗವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ನಾವು ಬಾವಿ ತನಕ ಓದಿ ಪುಸ್ತಕ ಮುಚ್ಚಿಬಿಟ್ಟೀವಿ. ಏನೂ ಕೆಲಸ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ನೀರಿನ ಮುಂದೆ ಸುಮ್ಮನೆ ನಿಲ್ಲೋದು ನಮ್ಮ ಹಕ್ಕಿನ ಪಟ್ಟಿಯಲ್ಲಿ ಯಾಕಿಲ್ಲ? ನಮ್ಮ ಕೇರಿಯ ಹುಡುಗರ ಫೋನಿನಾಗ ಬರೀ ಒಣ ನಳದ ಫೋಟೋನೇ ಇರಬೇಕು ಅಂತ ಯಾರು ಬರೆದಿಟ್ರು? ನಾವೇ ಬರ್ಕೊಂಡ್ವಾ?

ಹಿರಿಯರಿಗೆ: ಸರ್, ನೀವು ಅಂದುಕೊಂಡ ಹಾಗೆ ನಾನು ಜಾತಿ ಬಿಟ್ಟು ಪ್ರಕೃತಿ ಕಡೆ ಹೊರಳಿದ್ದಲ್ಲ. ನಾನು ಹಾಕಿದ್ದು ಯಾವ ಫೋಟೋ ಅಂತ ಹೇಳಿಬಿಡ್ತೀನಿ. ಅವ್ವ ಚಹಾ ಕುಡೀವಾಗ ತೆಗೆದದ್ದು, ಬರೀ ನೀರಿಂದು. ಮನೆಗೆ ಬಂದು ಎಲ್ಲ ನೋಡಿದೆ. ಅವ್ವ ಇದ್ದ ಚಿತ್ರದಲ್ಲಿ ನೀರು ಸುಟ್ಟುಹೋಗಿತ್ತು. ಲೈಕ್ ಬರಲ್ಲ ಅನ್ನಿಸ್ತು. ಬರೀ ನೀರಿಂದು ಆರಿಸಿದೆ. ಎಡಮೂಲೆಯಲ್ಲಿ ಅವ್ವನ ಸೀರೆಯ ಅಂಚು ಬಂದಿತ್ತು, ಅದನ್ನೂ ಕತ್ತರಿಸಿದೆ. ಚಹಾದ ಬಣ್ಣದ ಕೆನ್ನೀರನ್ನು ಎಡಿಟ್ ಮಾಡಿ ಒಂದಿಷ್ಟು ಬೆಳ್ಳಗೂ ಮಾಡಿದೆ. ನೀರಿಗೂ ಫೇರ್ ಅಂಡ್ ಲವ್ಲಿ! ಆ ಹುಡುಗ ಕನಿಷ್ಠ ಬಾಯಿ ಬಿಟ್ಟು ಕೇಳಿದ್ದ. ನಾನು ಕೇಳಲೂ ಇಲ್ಲ. ನಿಮಗೆ 'ಚೆನ್ನಾಗಿದೆ' ಅನ್ನಿಸಿದ್ದು ಆ ಚಿತ್ರ ಸರ್. ನೀವು ಹೊಗಳಿದ ಮೇಲೇ ನನಗೆ ಗೊತ್ತಾಗಿದ್ದು ನಾನು ಮಾಡಿದ್ದೇನು ಅಂತ.

ರಾತ್ರಿ ಅವ್ವನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು. "ಚಲೋ ಐತಿ. ನಾ ಎಲ್ಲಿ ಅದೀನಿ?" ಅಂದಳು.

ಬರೋ ರವಿವಾರ ಕೇರಿಯ ಹದಿನೈದು ಮಕ್ಕಳನ್ನ ಕರ್ಕೊಂಡು ಮತ್ತೆ ಹೋಗ್ತಿದ್ದೀನಿ. ಟಂಟಂ ಬಾಡಿಗೆಗೆ ಕೈಜೋಡಿಸೋರು ಫೋನ್ ಮಾಡ್ರಿ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಬುತ್ತಿ ಕಟ್ಕೊಂಡು ಬರ್ರಿ. ಅಂಚಿಗೆ ಯಾರೂ ಹೋಗಬ್ಯಾಡ್ರಿ, ಸೆಲ್ಫಿಗೆ ಜೀವ ಕೊಡೋದು ಬ್ಯಾಡ.

ಹಳೇ ಫೋಟೋ ತೆಗೆದು ಬೇರೆ ಹಾಕಿದ್ದೀನಿ. ಹಿಂದೆ ಬರೀ ಬಿಳಿ ಬೆಳಕು ಕಾಣ್ತದಲ್ಲ, ಅದೇ ಫಾಲ್ಸ್, ನಂಬ್ರಿ. ಮುಂದೆ ನಿಂತವಳು ನನ್ನವ್ವ. ಕೈಯಲ್ಲಿ ಯಾಕೆ ಚಪ್ಪಲಿ ಹಿಡಿದಾಳೆ ಅಂತ ಯಾರೂ ಕಥೆ ಕಟ್ಟಬ್ಯಾಡ್ರಿ. ಬಂಡೆ ಜಾರ್ತಿತ್ತು, ಅಷ್ಟೇ.