ಬೇಸಗೆಯಲ್ಲಿ ಒಂದು ದ್ವೀಪಪ್ರದಕ್ಷಿಣೆ

ಹಲಸೂರು ಕೆರೆಯ ದಂಡೆಯಲ್ಲಿ ಪ್ರಾತಃಕಾಲ ತಿರುಗಾಡುವ ನಮ್ಮ ವಾಚಕರಿಗೆ ಆ ಕೆರೆಯೊಳಗಣ ಚಿಕ್ಕ ನಡುಗಡ್ಡೆಗಳ ಪರಿಚಯ ಚೆನ್ನಾಗಿಯೇ ಉಂಟು. ಕಳೆದ ಬೇಸಗೆಯ ಒಂದು ಭಾನುವಾರ ಅವುಗಳನ್ನು ನೋಡುತ್ತ ಕುಳಿತಿದ್ದಾಗ ಮಿತ್ರರೊಬ್ಬರು, “ನೋಡುವುದಕ್ಕೆ ಇವು ಸರಿಯೇ, ಸೈಕಲ್ಲಿನ ಮೇಲೆ ಸುತ್ತಿಬರುವಂಥ ದ್ವೀಪವೊಂದು ಬೇಕಲ್ಲ!” ಎಂದರು. ಶ್ರೀರಂಗಪಟ್ಟಣದ ಹೆಸರು ಹೊರಟದ್ದು ಆಗಲೇ.

ದಂಡು ಪ್ರದೇಶದವರಾದ ನಮಗೆ ಆ ದ್ವೀಪದೊಡನೆ ಹಳೆಯ ನಂಟೊಂದುಂಟು. 1799ರಲ್ಲಿ ಕೋಟೆಯನ್ನು ಗೆದ್ದ ಆಂಗ್ಲರು ತಮ್ಮ ಸೈನ್ಯವನ್ನು ಮೊದಲು ಅಲ್ಲಿಯೇ ಇರಿಸಿದ್ದರು. ಆದರೆ ಚಳಿಜ್ವರದ ಕಾಟವು ಸಿಪಾಯಿಗಳನ್ನು ಬಿಡಲಿಲ್ಲ. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಆ ಕಾಲದವರು ನಂಬಿದ್ದರು. ಸೊಳ್ಳೆಯೇ ಅಪರಾಧಿಯೆಂಬುದನ್ನು ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅಂತೂ 1809ರಲ್ಲಿ ದಂಡು ದ್ವೀಪವನ್ನು ಬಿಟ್ಟು ಹಲಸೂರಿನ ಬಯಲಿಗೆ ಬಂದಿತು. ಆ ಜ್ವರವು ಬಾರದಿದ್ದಲ್ಲಿ ನಮ್ಮ ಬೀದಿಗಳು ಈಗಿನಂತೆ ಇರುತ್ತಿದ್ದವೋ ಇಲ್ಲವೋ!

ನಮ್ಮ ತಂಡದಲ್ಲಿ ಐವರು: ಶಿವಾಜಿನಗರದ ದರ್ಜಿ ಮಿತ್ರರು, ಇಂದಿರಾನಗರದ ಬ್ಯಾಂಕು ನೌಕರರು, ಕೃಷ್ಣರಾಜಪುರದ ರೈಲ್ವೆ ನೌಕರರು, 66 ವರ್ಷ ವಯಸ್ಸಿನ ನಿವೃತ್ತ ಮೇಷ್ಟರು, ಮತ್ತು ನಾವು. ಸೈಕಲ್ಲುಗಳನ್ನು ಸರಕಿನ ವ್ಯಾನಿಗೆ ಬಿಗಿದು, ಬೆಳಗಿನ ಜಾವ 4 ಗಂಟೆಗೆ ಹೊರಟು, ಬಿಸಿಲೇರುವ ಮೊದಲೇ ಊರನ್ನು ಸೇರಿದೆವು.

ಕಾವೇರಿಯು ಇಲ್ಲಿ ಎರಡು ಕವಲಾಗಿ ಒಡೆದು ಪುನಃ ಕೂಡುತ್ತಾಳೆ. ನಡುವಣ ದ್ವೀಪವು ಪೂರ್ವ ಪಶ್ಚಿಮವಾಗಿ ಸುಮಾರು 5 ಕಿಲೋಮೀಟರು ಉದ್ದ. ಅಗಲವು ಅದರ ಮೂರನೆಯ ಒಂದು ಪಾಲಿನಷ್ಟು. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಸಂಗಮ. ರಂಗನಾಥಸ್ವಾಮಿಯ ದರ್ಶನ ಮಾಡಿಕೊಂಡು, ಇಡ್ಲಿ ತಿಂದು, ಕೋಟೆಯ ಗೋಡೆಯ ಬಳಿ ಬಂದು ನಿಂತಾಗ ಹೊಳೆಯು ಬಂಡೆಗಳ ಸಂದಿನಲ್ಲಿ ಬಡಕಲಾಗಿ ಹರಿಯುತ್ತಿದ್ದಿತು. “ಮಳೆಗಾಲದಲ್ಲಿ ಇದು ದ್ವೀಪ; ಬೇಸಗೆಯಲ್ಲಿ ಅರ್ಧ ದ್ವೀಪ,” ಎಂದರು ಮೇಷ್ಟರು. ಹೊಳೆ ತುಂಬುವ ಮುಂಚೆ ಮುಗಿಸಬೇಕೆಂದೇ ಆಂಗ್ಲರು ಆತುರಪಟ್ಟರಂತೆ. 1799ರ ಮೇ 4ರಂದು, ನಡುಮಧ್ಯಾಹ್ನ, ಕೋಟೆಯವರು ವಿಶ್ರಮಿಸಿಕೊಳ್ಳುವ ಹೊತ್ತನ್ನು ನೋಡಿ, ಕಾಲ್ನಡೆಯಲ್ಲಿಯೇ ನೀರನ್ನು ದಾಟಿ ಒಳನುಗ್ಗಿದರು. ಟೀಪೂ ಸುಲ್ತಾನನು ಅಂದು ಮಡಿದನು.

ಅಲ್ಲಿಂದ ಪೂರ್ವಾಭಿಮುಖವಾಗಿ ಸಾಗಿದೆವು. ಟೀಪುವು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವುಂಟು. ದರ್ಜಿ ಮಿತ್ರರು ಯುದ್ಧಕ್ಕಿಂತ ಅದರಲ್ಲಿಯ ಉಡುಪುಗಳನ್ನೇ ಹೆಚ್ಚಾಗಿ ನೋಡಿದರು. ಗಂಜಾಮಿನ ನಿಮಿಷಾಂಬೆಯ ಸನ್ನಿಧಿಯಲ್ಲಿ ಕೈಮುಗಿದು, ಹೈದರ್, ಟೀಪೂ ಇಬ್ಬರೂ ಮಲಗಿರುವ ಗುಂಬಜಿಗೆ ಬರುವಷ್ಟರಲ್ಲಿ 11 ಗಂಟೆ ಮೀರಿತ್ತು. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು.

ಮೇಷ್ಟರು ತೋಟದ ನೆರಳನ್ನು ನೋಡಿ, “3 ಗಂಟೆಯವರೆಗೆ ಇಲ್ಲಿಯೇ ಒರಗೋಣವೇ?” ಎಂದರು. ವಾಚಕರೇ, ಆಗ ನಾವು ಆಡಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. “ಸಂಗಮ ಇನ್ನೆಷ್ಟು ದೂರ? ಅಲ್ಲಿ ಹೋಗಿಯೇ ಒರಗಿದರಾಯಿತು,” ಎಂದೆವು. ಅವರು ಎದುರಾಡಲಿಲ್ಲ. “ನಡೆಯಿರಿ, ಹಿಂದೆಯೇ ಬರುತ್ತೇನೆ,” ಎಂದರು.

ಸಂಗಮವನ್ನು ಸೇರಿ ಕಾಲನ್ನು ನೀರಿಗಿಳಿಸಿ ಕುಳಿತೆವು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು, ಮೇಷ್ಟರು ಬರಲಿಲ್ಲ. ರೈಲ್ವೆ ಮಿತ್ರರು ಮಾತಿಲ್ಲದೆ ಎದ್ದು ಸೈಕಲ್ಲನ್ನು ತಿರುಗಿಸಿದರು. ಬಂದ ದಾರಿಯಲ್ಲಿಯೇ, ಕಬ್ಬಿನ ಗದ್ದೆಯ ಬದಿಯ ಹೊಂಗೆಮರದ ಕೆಳಗೆ, ಮೇಷ್ಟರು ಕಾಲುಚಾಚಿ ಮಲಗಿದ್ದರು. ಮುಖ ಬಿಳಿಚಿತ್ತು, ಮೈ ಬೆವರಿನಿಂದ ತೊಯ್ದಿತ್ತು. ಗದ್ದೆಯ ಹೆಂಗಸೊಬ್ಬಳು ತನ್ನ ಸೆರಗನ್ನು ನೀರಿನಲ್ಲದ್ದಿ ಅವರ ಕುತ್ತಿಗೆಯನ್ನು ಒರಸುತ್ತಿದ್ದಳು. ತನ್ನ ಬುತ್ತಿಯ ಮಜ್ಜಿಗೆಗೆ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿಯೂ ಆಗಿತ್ತು. ನಮ್ಮನ್ನು ನೋಡಿ ಆಕೆ ಅಂದದ್ದಿಷ್ಟೆ: “ಜೊತೇಲಿ ಬಂದೋರ್ನ ಬಿಟ್ಬುಟ್ಟು ಹೋಯ್ತಾರಾ ಸ್ವಾಮಿ?”

ಉತ್ತರವೇನು ಹೇಳುವುದು? ಅರ್ಧ ಗಂಟೆಯಲ್ಲಿ ಮೇಷ್ಟರು ಎದ್ದು ಕುಳಿತು ಸ್ಪಷ್ಟವಾಗಿ ಮಾತನಾಡಿದರು. ವ್ಯಾನನ್ನು ಅಲ್ಲಿಗೇ ಕರೆಸಿ, ಅವರನ್ನು ವೈದ್ಯರಲ್ಲಿಗೆ ಕರೆದೊಯ್ದು ತೋರಿಸಿದೆವು. ಪ್ರದಕ್ಷಿಣೆ ಮುಗಿಯಲಿಲ್ಲ.

ಬೇಸಗೆಯಲ್ಲಿ ಇಂಥ ವಿಹಾರಕ್ಕೆ ಹೊರಡುವ ಗೃಹಸ್ಥರಿಗೆ ವೈದ್ಯರು ಹೇಳಿದುದನ್ನು ತಿಳಿಸುತ್ತೇವೆ. 11 ಗಂಟೆಯಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಸೈಕಲ್ ತುಳಿಯಕೂಡದು. ಬಾಯಾರಿಕೆಯಾಗುವವರೆಗೆ ಕಾಯದೆ ಆಗಾಗ ನೀರು ಕುಡಿಯಬೇಕು. ತಲೆಸುತ್ತು, ವಾಕರಿಕೆ ತೋರಿದೊಡನೆ ನೆರಳಿಗೆ ಸರಿದು, ಮೈಗೆ ತಣ್ಣೀರು ಹಚ್ಚಿ, ಗಾಳಿ ಬೀಸಬೇಕು. ಎಚ್ಚರವಿದ್ದಲ್ಲಿ ಉಪ್ಪು ಬೆರೆಸಿದ ಮಜ್ಜಿಗೆಯು ಹಿತ. ಮಾತು ತೊದಲಿದರೆ, ಪ್ರಜ್ಞೆ ಮಂಕಾದರೆ, ಬಾಯಿಗೆ ಏನನ್ನೂ ಹಾಕದೆ, ಮೈಯನ್ನು ತಣಿಸುತ್ತಲೇ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಂಗಮದಲ್ಲಿ ಮಕ್ಕಳನ್ನು ನೀರಿನ ಆಳಕ್ಕೆ ಬಿಡಬಾರದೆಂಬುದು ನಮ್ಮ ಮಾತು. ಮೇಲೆ ಕನ್ನಂಬಾಡಿ ಕಟ್ಟೆಯುಂಟು. ಅಲ್ಲಿ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ.

ಇವೆಲ್ಲಕ್ಕೂ ಮೊದಲಿನದು ಆ ಹೆಂಗಸು ಕಲಿಸಿದ ಪಾಠ. ಐವರು ಕೂಡಿ ಹೊರಟ ಮೇಲೆ, ಎಲ್ಲರಿಗಿಂತ ನಿಧಾನವಾಗಿ ಬರುವವರ ವೇಗವೇ ತಂಡದ ವೇಗ. ಮನೆಯಲ್ಲಿ ಮುದುಕರೊಡನೆಯೂ ಮಕ್ಕಳೊಡನೆಯೂ ಬಾಳುವ ನಮಗೆ ಇದು ತಿಳಿಯದ ವಿಷಯವಲ್ಲ. ಆದರೂ ಊರು ಬಿಟ್ಟು ನಾಲ್ಕು ಹೆಜ್ಜೆ ಹೊರಗೆ ಬಂದರೆ ಮರೆತುಹೋಗುತ್ತದೆ.

ಮಾಗಿಯ ತಂಪು ಬಂದ ಮೇಲೆ ಉಳಿದ ದಾರಿಯನ್ನು ಮುಗಿಸುವುದೆಂದು ನಿಶ್ಚಯಿಸಿದ್ದೇವೆ. ಆ ಹೆಂಗಸಿಗೆಂದು ಶಿವಾಜಿನಗರದಲ್ಲಿ ಒಂದು ಸೀರೆಯನ್ನೂ ಕೊಂಡಿರಿಸಿದ್ದೇವೆ. ಅಲ್ಲಿಯವರೆಗೆ ಭಾನುವಾರ ಬೆಳಗ್ಗೆ ಹಲಸೂರು ಕೆರೆಯ ಸುತ್ತಲೇ ನಮ್ಮ ಸವಾರಿ. ಮೇಷ್ಟರು ಈಗ ಎಲ್ಲರಿಗಿಂತ ಮುಂದೆ ಹೋಗುತ್ತಾರೆ. ನಾವು ನಾಲ್ವರೂ ಹಿಂದೆ.