ಟ್ರೈನಿಯಿಂದ ಸಿಇಒ: ಆ ಏಣಿ ಈಗಲೂ ಇದೆಯೇ?

ಕೊನೆಯ ವರ್ಷದಲ್ಲಿ ನಮ್ಮ ಪ್ಲೇಸ್‌ಮೆಂಟ್ ಆಫೀಸರ್ ತೋರಿಸಿದ ಮೊದಲ ಸ್ಲೈಡಿನಲ್ಲಿ ಎನ್. ಚಂದ್ರಶೇಖರನ್ ಅವರ ಫೋಟೊ ಇತ್ತು. 1987ರಲ್ಲಿ ಟಿಸಿಎಸ್‌ಗೆ ಟ್ರೈನಿಯಾಗಿ ಸೇರಿದವರು 2009ರಲ್ಲಿ ಅದೇ ಕಂಪನಿಯ ಸಿಇಒ ಆದರು, 2017ರಲ್ಲಿ ಟಾಟಾ ಸನ್ಸ್‌ನ ಅಧ್ಯಕ್ಷರಾದರು. 'ಒಂದೇ ಕಡೆ ನಿಂತರೆ ಹೀಗೆ ಬೆಳೀತೀರಿ, ಆರಾರು ತಿಂಗಳಿಗೆ ಹಾರಬೇಡಿ' ಎಂದಿದ್ದರು ಸರ್. ದಾವಣಗೆರೆಯಿಂದ ಬೆಂಗಳೂರಿನ ಬಸ್ ಹತ್ತಿದಾಗ ಆ ಸ್ಲೈಡು ನನ್ನ ತಲೆಯಲ್ಲೇ ಇತ್ತು.

ಈಗ ನಾಲ್ಕು ವರ್ಷವಾಯಿತು. ಮಧ್ಯಮ ಗಾತ್ರದ ಒಂದು ಐಟಿ ಕಂಪನಿಯಲ್ಲಿ ಸಪೋರ್ಟ್ ಕೆಲಸ ಮಾಡುತ್ತೇನೆ. ಕಳೆದ ತಿಂಗಳು ನಮ್ಮ ತಂಡದ ಹಿರಿಯರೊಬ್ಬರನ್ನು ಎಚ್‌ಆರ್‌ನವರು ಮೀಟಿಂಗಿಗೆ ಕರೆದು ರಾಜೀನಾಮೆ ಬರೆಸಿಕೊಂಡರು. ಅಲ್ಲಿ 16 ವರ್ಷ ದುಡಿದವರು ಅವರು. ನನಗೆ ಕೆಲಸ ಕಲಿಸಿದವರೂ ಅವರೇ. ಲ್ಯಾಪ್‌ಟಾಪ್ ಒಪ್ಪಿಸಿ ಬಂದು 'ಊಟ ಆಯ್ತೇನಪ್ಪ?' ಎಂದು ನನ್ನನ್ನೇ ಕೇಳಿದರು. ಏನು ಹೇಳಬೇಕೋ ತೋಚಲಿಲ್ಲ. ಅದಾದ ವಾರಕ್ಕೆ ಬೇರೆ ಕಂಪನಿಯಿಂದ ನನಗೆ ಶೇ 40ರಷ್ಟು ಹೆಚ್ಚು ಸಂಬಳದ ಆಫರ್ ಬಂತು. ಇರಬೇಕೋ, ಬಿಡಬೇಕೋ ಎಂಬ ಚಿಂತೆಯಲ್ಲಿ ಆ ಹಳೆಯ ಸ್ಲೈಡನ್ನು ಮತ್ತೆ ಯೋಚಿಸಬೇಕಾಯಿತು.

ಸ್ಲೈಡಿನಲ್ಲಿದ್ದದ್ದು ಸುಳ್ಳಲ್ಲ. ಇಂದು ಟಿಸಿಎಸ್‌ನ ಸಿಇಒ ಆಗಿರುವ ಕೆ. ಕೃತಿವಾಸನ್ ಕೂಡ 1989ರಿಂದ ಅಲ್ಲೇ ಇದ್ದವರು. ನಮ್ಮ ಬೆಂಗಳೂರಿನ ವಿಪ್ರೊ ಎರಡು ಬಾರಿ ಹೊರಗಿನಿಂದ ಬಂದವರನ್ನು ಕೂರಿಸಿ ನೋಡಿ, 2024ರ ಏಪ್ರಿಲ್‌ನಲ್ಲಿ ಶ್ರೀನಿವಾಸ ಪಲ್ಲಿಯಾ ಅವರಿಗೆ ಪಟ್ಟ ಕಟ್ಟಿತು. ಅವರು ಸೇರಿದ್ದು 1992ರಲ್ಲಿ. ಎಲ್ಲ ಕಡೆಯೂ ಹೀಗೆಯೇ ಎಂದಲ್ಲ. ಇನ್ಫೊಸಿಸ್ ಸಿಇಒ ಸಲೀಲ್ ಪಾರೇಖ್ 2018ರಲ್ಲಿ ಹೊರಗಿನಿಂದಲೇ ಬಂದವರು.

ಆದರೆ ಸ್ಲೈಡು ಹೇಳದೇ ಬಿಟ್ಟ ಒಂದು ಲೆಕ್ಕವಿದೆ. ಚಂದ್ರಶೇಖರನ್ ಸಿಇಒ ಆದ ವರ್ಷದ ಮಾರ್ಚ್‌ನಲ್ಲಿ ಟಿಸಿಎಸ್ ನೌಕರರ ಸಂಖ್ಯೆ ಸುಮಾರು 1.43 ಲಕ್ಷ. 2017ರ ಮಾರ್ಚ್ ಹೊತ್ತಿಗೆ ಅದು 3.87 ಲಕ್ಷ. ಐಟಿ ಸೇವಾ ಕಂಪನಿ ಎಂದರೆ ಪಿರಮಿಡ್ ಇದ್ದಂತೆ. ಕೆಳಗೆ ಸಾಲುಸಾಲು ಫ್ರೆಷರ್‌ಗಳು, ಅವರ ಮೇಲೊಬ್ಬ ಲೀಡ್, ನಾಲ್ಕಾರು ಲೀಡ್‌ಗಳ ಮೇಲೊಬ್ಬ ಮ್ಯಾನೇಜರ್. ಕೆಳಗಿನ ಸಾಲು ಅಗಲವಾಗುತ್ತಾ ಹೋದಷ್ಟೂ ಮೇಲೆ ಕುರ್ಚಿಗಳು ಹುಟ್ಟುತ್ತಿದ್ದವು. ಬೆಳೆಯುವ ಕಂಪನಿಯಲ್ಲಿ ಸುಮ್ಮನೆ ನಿಂತವನೂ ಒಂದೆರಡು ಮೆಟ್ಟಿಲು ಏರುತ್ತಿದ್ದ. ನಮ್ಮ ಹಿರಿಯರು ಅದನ್ನು 'ನಿಷ್ಠೆಯ ಫಲ' ಎಂದುಕೊಂಡರು. ಅರ್ಧ ನಿಜ ಇರಬಹುದು. ಉಳಿದರ್ಧ ಆ ಕಾಲದ ಬೆಳವಣಿಗೆಯ ಫಲ.

ಈಗ ದೊಡ್ಡ ಕಂಪನಿಗಳ ವಾರ್ಷಿಕ ಬೆಳವಣಿಗೆ ಒಂದಂಕಿಗೆ ಇಳಿದಿದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿತ ಮಾಡುವುದಾಗಿ ಹೇಳಿತು. ಕತ್ತರಿ ಬಿದ್ದದ್ದು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಅಂದರೆ ಹತ್ತು, ಹದಿನೈದು ವರ್ಷ ನಿಂತವರಿಗೆ. ಇದಕ್ಕೆ ಎಐ ಕಾರಣವಲ್ಲ, ಹೊಸ ಕೆಲಸಕ್ಕೆ ಬೇಕಾದ ಕೌಶಲ ಮತ್ತು ಇರುವ ಕೌಶಲ ಹೊಂದುತ್ತಿಲ್ಲ ಎಂಬುದು ಕಂಪನಿಯ ವಾದ. ಇದನ್ನು ಪೂರ್ತಿ ನಂಬಬೇಕೆಂದಿಲ್ಲ. ಆದರೂ ಅದೇ ವರ್ಷ ಅಲ್ಲಿ ಬಂದ ಇನ್ನೊಂದು ನಿಯಮ ಗಮನಿಸಿ. ಕ್ಲೈಂಟ್‌ಗೆ ಬಿಲ್ ಆಗುವ ಕೆಲಸವಿಲ್ಲದೆ 'ಬೆಂಚಿ'ನಲ್ಲಿ ವರ್ಷಕ್ಕೆ 35 ದಿನಕ್ಕಿಂತ ಹೆಚ್ಚು ಕೂರುವಂತಿಲ್ಲ! ಹಾಗೆ ಹೇಳಿದ ಕಂಪನಿಯ ಮುಖ್ಯಸ್ಥರು ಅಲ್ಲೇ ಮೂವತ್ತೈದು ವರ್ಷ ಕಳೆದವರು ಎಂಬುದು ನನಗೆ ವಿಚಿತ್ರವೆನಿಸಿತು.

ನಮ್ಮ ಅಪ್ಪ ಸಾರಿಗೆ ನಿಗಮದ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವರು. ಆಫರ್ ವಿಷಯ ಫೋನಿನಲ್ಲಿ ಹೇಳಿದಾಗ 'ಇದ್ದಲ್ಲೇ ಇರಪ್ಪ, ನಂಬಿಕಿ ಗಳಿಸ್ಕೋಬೇಕು' ಅಂದರು. ಅಪ್ಪನಿಗೆ ಜ್ಯೇಷ್ಠತಾ ಪಟ್ಟಿ ಇತ್ತು, ತೆಗೆಯಬೇಕಾದರೆ ನೋಟಿಸು, ವಿಚಾರಣೆ ಇತ್ತು, ಯೂನಿಯನ್ ಇತ್ತು. ನಮಗೆ ಅವೆಲ್ಲ ಎಲ್ಲಿ? ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು ನಮ್ಮ ರಾಜ್ಯ ಸರ್ಕಾರ 2024ರಲ್ಲೂ ಮುಂದುವರಿಸಿತು. ಪಟ್ಟಿಯೇ ಇಲ್ಲದ ಕಡೆ ಪಟ್ಟಿಯಲ್ಲಿ ನಮ್ಮ ಸರದಿ ಬರುತ್ತದೆಂದು ಕಾಯುವುದು ಹೇಗೆ?

ಹಾಗಾದರೆ ಆ ಕಥೆಗಳಲ್ಲಿ ನಮಗೆ ಕಲಿಯಲು ಏನೂ ಇಲ್ಲವೇ? ಇದೆ, ಆದರೆ ಅದು ತಾಳ್ಮೆಯ ಪಾಠವಲ್ಲ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾಡೆಲ್ಲಾ 1992ರಲ್ಲಿ ಮೈಕ್ರೊಸಾಫ್ಟ್ ಸೇರಿ 2014ರಲ್ಲಿ ಸಿಇಒ ಆದರು. 22 ವರ್ಷ ಒಂದೇ ಕಂಪನಿ, ನಿಜ. ಆದರೆ ನಡುವೆ ಅವರು ಗೂಗಲ್ ಎದುರು ಏದುಸಿರು ಬಿಡುತ್ತಿದ್ದ ಹುಡುಕಾಟ ಸೇವೆಯ ಹೊಣೆ ಹೊತ್ತರು (ಅದೇ ಮುಂದೆ ಬಿಂಗ್ ಆಯಿತು). ಸೋತರೆ ಕಂಪನಿಯಲ್ಲಿ ಬೇರೆ ಜಾಗ ಸಿಗದೆಂದು ಆಗಿನ ಸಿಇಒ ಸ್ಟೀವ್ ಬಾಲ್ಮರ್ ಎಚ್ಚರಿಸಿದ್ದನ್ನು ನಾಡೆಲ್ಲಾ ಅವರೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಆ ಸೇವೆ ಗೂಗಲ್ಲನ್ನು ಗೆಲ್ಲಲಿಲ್ಲ. ಆದರೆ ಲಕ್ಷಾಂತರ ಜನ ಒಮ್ಮೆಗೇ ಬಳಸುವ ವ್ಯವಸ್ಥೆ ನಡೆಸುವುದನ್ನು ಕಲಿತದ್ದು ಮುಂದೆ ಕ್ಲೌಡ್ ವಿಭಾಗ ಕೈಗೆ ಬಂದಾಗ ಉಪಯೋಗಕ್ಕೆ ಬಂತು. ಐಡಿ ಕಾರ್ಡ್ ಒಂದೇ ಇದ್ದರೂ ಕೆಲಸಗಳು ಬೇರೆ ಬೇರೆ. ಅವರದೇ ಕಂಪನಿ 2025ರ ಜುಲೈನಲ್ಲಿ ಸುಮಾರು 9 ಸಾವಿರ ಜನರನ್ನು ಮನೆಗೆ ಕಳಿಸಿತು ಎಂಬುದನ್ನೂ ಮರೆಯುವಂತಿಲ್ಲ.

ನಮ್ಮ ಹಿರಿಯರ ವಿಷಯದಲ್ಲಿ ಆದದ್ದು ಇದರ ತಿರುವುಮುರುವು. 16 ವರ್ಷದಲ್ಲಿ 11 ವರ್ಷ ಒಬ್ಬನೇ ಕ್ಲೈಂಟು, ಅದೇ ಸಾಫ್ಟ್‌ವೇರು. ತಪ್ಪು ಅವರೊಬ್ಬರದೇ ಅಲ್ಲ. ಎರಡು ಸಲ ವರ್ಗ ಕೇಳಿದಾಗಲೂ 'ನೀವಿಲ್ಲದಿದ್ದರೆ ಪ್ರಾಜೆಕ್ಟ್ ನಡೆಯಲ್ಲ' ಎಂದು ತಡೆದಿದ್ದರಂತೆ. ಆಗ ಅದು ಹೊಗಳಿಕೆಯಂತೆ ಕೇಳಿಸಿತ್ತು ಎಂದು ಮೊನ್ನೆ ಫೋನಿನಲ್ಲಿ ನಕ್ಕರು. ಪ್ರಾಜೆಕ್ಟ್ ಅವರಿಲ್ಲದೆಯೂ ನಡೆಯುತ್ತಿದೆ.

ಆಫರ್ ಕೊಟ್ಟ ಕಂಪನಿಗೆ ನಾನು ಮಾಡಬೇಕಾದ ಕೆಲಸ ಏನೆಂದು ಬಿಡಿಸಿ ಕೇಳಿದೆ. ಸಪೋರ್ಟೇ, ಟಿಕೆಟ್ ಮುಚ್ಚುವುದೇ, ಕ್ಲೈಂಟ್ ಮಾತ್ರ ಬೇರೆ. ಹೋದರೆ ಸಂಬಳ ಏರುತ್ತದೆ, ಕೈಗೆಲಸ ಏರುವುದಿಲ್ಲ. ಹಾಗೆಂದು ಶೇ 40 ಸಣ್ಣದೇನೂ ಅಲ್ಲ; ತಂಗಿಯ ಫೀಸು ಕಟ್ಟುವವನು ನಾನೇ.

ಸೋಮವಾರ ಮ್ಯಾನೇಜರ್ ಹತ್ತಿರ ಹೋಗಿ ಡೇಟಾ ತಂಡಕ್ಕೆ ಕಳಿಸಿ ಎಂದು ಕೇಳಿದೆ. 'ಮುಂದಿನ ಕ್ವಾರ್ಟರ್ ನೋಡೋಣ, ಈಗ ನೀನಿಲ್ಲದಿದ್ದರೆ ಕಷ್ಟ' ಎಂದರು. ಅದನ್ನೇ ತಾರೀಖು ಸಮೇತ ಮೇಲ್‌ನಲ್ಲಿ ಹಾಕಿ ಸರ್ ಎಂದೆ. ಆಫರ್‌ಗೆ ಶುಕ್ರವಾರದೊಳಗೆ ಉತ್ತರ ಕೊಡಬೇಕು. ಇದನ್ನು ಬರೆಯುತ್ತಿರುವುದು ಬುಧವಾರ ರಾತ್ರಿ. ಮೇಲ್ ಇನ್ನೂ ಬಂದಿಲ್ಲ.